ರಾಷ್ಟ್ರೀಯ ಆರ್ಥಿಕ ಸಲಹಾ ಮಂಡಳಿ: ವಿರೋಧ ಪಕ್ಷಗಳನ್ನು ಯಾವ ಹಂತದಲ್ಲಿ, ಯಾವ ಬಗೆಯಲ್ಲಿ ಕೇಳಬೇಕು?

ವಿದ್ಯಾರ್ಥಿಗಳೇ ಆಡಳಿತ, ವಿರೋಧ ಪಕ್ಷಗಳ ಪಾತ್ರ ವಹಿಸುವ ಯುವ ಸಂಸತ್ತಿಗೆ ಮಾದರಿ ಮಸೂದೆ ಬರೆಯಲು ಕುಳಿತ ಕಲಬುರಗಿ, ಬೀದರ್, ಯಾದಗಿರಿಯ ಪದವಿ ವಿದ್ಯಾರ್ಥಿಗಳಿಗೂ, ಸಂಸದರ ಕೈಗೆ ಮನವಿ ಕೊಡಲು ಹೊರಟ ರೈತ ಸಂಘಟನೆಗಳ ಗೆಳೆಯರಿಗೂ ಕಾಡುತ್ತಿರುವ ಪ್ರಶ್ನೆ ಒಂದೇ. ದೇಶಕ್ಕೆ ಹೊಸದೊಂದು ಆರ್ಥಿಕ ಸಲಹಾ ಮಂಡಳಿ ಬೇಕು ಎಂದು ಒಪ್ಪಿಕೊಂಡರೆ, ಅದನ್ನು ರಚಿಸುವಾಗ ವಿರೋಧ ಪಕ್ಷಗಳನ್ನು ಕೇಳಬೇಕೇ? ಕೇಳುವುದಾದರೆ ಒಂದು ಸಭೆ ಕರೆದರೆ ಸಾಕೇ, ಸದಸ್ಯರ ಆಯ್ಕೆಯಲ್ಲಿ ಅವರಿಗೆ ಪಾಲು ಕೊಡಬೇಕೇ, ಅಥವಾ ಮಂಡಳಿಯೊಳಗೇ ಕೂರಿಸಬೇಕೇ? ಕೇಳಬೇಕು ಎನ್ನುವವರ ನಡುವೆಯೇ ಹೇಗೆ ಎಂಬ ಬಗ್ಗೆ ಒಮ್ಮತವಿಲ್ಲದಿರುವುದರಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಇಂಥ ಚರ್ಚೆ ನಮ್ಮ ಭಾಗದಲ್ಲಿ ಶುರುವಾದ ಹತ್ತು ನಿಮಿಷದಲ್ಲಿ ಯಾರಾದರೊಬ್ಬರು ಬಸವಕಲ್ಯಾಣದ ಅನುಭವ ಮಂಟಪವನ್ನು ಪ್ರಸ್ತಾಪಿಸುತ್ತಾರೆ. ಗೌರವದಿಂದಲೇ ಅದನ್ನು ಬದಿಗಿಡೋಣ. ಚುನಾವಣೆಯಲ್ಲಿ ಸೋತು, ಮುಂದಿನ ಚುನಾವಣೆಗೆ ಕಾದು ಕುಳಿತ ಪಕ್ಷವೊಂದರ ಜೊತೆ ಸಮಾಲೋಚಿಸುವ ಸಮಸ್ಯೆ ಅಲ್ಲಿರಲಿಲ್ಲ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಮೊದಲನೆಯ ಅಳತೆ ಬಾಳಿಕೆ. ಸರ್ಕಾರ ಬದಲಾದ ಮೇಲೂ ಮಂಡಳಿ ಉಳಿಯುತ್ತದೆಯೇ? ಎರಡನೆಯದು ವೇಗ. ರೂಪಾಯಿ ಕುಸಿಯುತ್ತಿರುವಾಗ, ಬೆಲೆ ಏರುತ್ತಿರುವಾಗ ಸಲಹೆಗಾರರ ಹೆಸರಿನ ಮೇಲೆ ವರ್ಷಗಟ್ಟಲೆ ವಾದ ಮಾಡಲಾಗದು. ಮೂರನೆಯದು, ಒಳಗೆ ಕುಳಿತವರು ಪ್ರಧಾನಿಯ ಎದುರು ಮುಚ್ಚುಮರೆಯಿಲ್ಲದೆ ಮಾತನಾಡಬಲ್ಲರೇ ಎಂಬುದು. ನಾಲ್ಕನೆಯದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ: ಭಿನ್ನಮತ ಇದ್ದಾಗ ಅದು ಬರವಣಿಗೆಯಲ್ಲಿ ದಾಖಲಾಗುತ್ತದೆಯೇ? ಖರ್ಚಿನ ಲೆಕ್ಕವೂ ಇದೆ, ಆದರೆ ಇಂಥ ಮಂಡಳಿಗಳ ವೆಚ್ಚ ಅವು ಪ್ರಭಾವಿಸುವ ನಿರ್ಧಾರಗಳ ಮೊತ್ತದ ಮುಂದೆ ತೀರ ಚಿಕ್ಕದು. ಆದ್ದರಿಂದ ಅದಕ್ಕೆ ನಾನು ಕೊನೆಯ ಸ್ಥಾನ ಕೊಡುತ್ತೇನೆ.

ಐದನೆಯ ಅಳತೆ ನಮ್ಮದೇ. ದೆಹಲಿಯಿಂದ ದೂರ ಇರುವವರ ಮಾತು ಮಂಡಳಿಯ ಮೇಜಿಗೆ ತಲುಪುತ್ತದೆಯೇ? ಕಲಬುರಗಿಯ ನೆಹರೂ ಗಂಜಿನಲ್ಲಿ ಜನವರಿಯ ಒಂದು ಬೆಳಿಗ್ಗೆ ನಿಂತು ನೋಡಿದರೆ ಈ ಪ್ರಶ್ನೆ ಎಷ್ಟು ಹತ್ತಿರದ್ದು ಎಂದು ತಿಳಿಯುತ್ತದೆ. ಅಡತಿ ಅಂಗಡಿಯ ಮುಂದೆ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೊಗರಿಯನ್ನು ಅಂಗೈಗೆ ಸುರಿದುಕೊಂಡು, ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಹಸಿಯೋ ಒಣಗಿದೆಯೋ ನೋಡುತ್ತಾರೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಾದರೆ ಅದೇ ಕೆಲಸವನ್ನು ಯಂತ್ರ ಮಾಡುತ್ತದೆ, ತೇವಾಂಶ ಶೇ 12ನ್ನು ದಾಟಬಾರದು. 2025-26ರ ಮುಂಗಾರಿಗೆ ತೊಗರಿಗೆ ನಿಗದಿಯಾದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಈ ಅಂಕಿಯನ್ನು ಶಿಫಾರಸು ಮಾಡುವುದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ, ಅಂದರೆ 1965ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ 1985ರಲ್ಲಿ ಈಗಿನ ಹೆಸರು ಪಡೆದ, ಕಾಯ್ದೆಯ ಬಲವಿಲ್ಲದ ಒಂದು ಸಲಹಾ ಸಂಸ್ಥೆ. ಅದೇ ವೇಳೆ ತೊಗರಿಯ ಆಮದನ್ನು 2021ರ ಮೇ ತಿಂಗಳಲ್ಲಿ ನಿರ್ಬಂಧಿತ ಪಟ್ಟಿಯಿಂದ ಮುಕ್ತ ಪಟ್ಟಿಗೆ ಸರಿಸಿದ್ದು ಇನ್ನೊಂದು ಇಲಾಖೆಯ ಅಧಿಸೂಚನೆ. ಒಂದು ಸಲಹೆ ಬೆಳೆಗಾರನ ಕಡೆ, ಇನ್ನೊಂದು ನಿರ್ಧಾರ ನಗರದ ಗ್ರಾಹಕನ ಕಡೆ. ಎರಡನ್ನೂ ಒಟ್ಟಿಗೆ ತೂಗಿ ನೋಡಲೇಬೇಕೆಂಬ ಹೊಣೆ ಯಾವ ಸಲಹಾ ಮಂಡಳಿಯ ಮೇಲೂ ಕಾನೂನಿನಿಂದ ಇಲ್ಲ. ಭೌಗೋಳಿಕ ಸೂಚಿಕೆ ಪಡೆದ ತೊಗರಿಯ ಈ ನಾಡಿನಲ್ಲಿ ಕುಳಿತು ಆರ್ಥಿಕ ಸಲಹೆ ಎಂಬುದನ್ನು ದೂರದ ವಿಷಯ ಎನ್ನಲಾಗದು.

ಮೊದಲ ದಾರಿ: ಯಾರನ್ನೂ ಕೇಳದೆ ಆದೇಶ ಹೊರಡಿಸುವುದು

ನಮ್ಮ ದೇಶದಲ್ಲಿ ಇದೇ ರೂಢಿ. ಯೋಜನಾ ಆಯೋಗ ಹುಟ್ಟಿದ್ದು 1950ರ ಮಾರ್ಚ್ 15ರ ಸಂಪುಟ ನಿರ್ಣಯದಿಂದ, ಅದಕ್ಕೆ ಸಂಸತ್ತಿನ ಕಾಯ್ದೆ ಎಂದೂ ಇರಲಿಲ್ಲ. 2004ರಲ್ಲಿ ಸೋನಿಯಾ ಗಾಂಧಿ ಅಧ್ಯಕ್ಷತೆಯಲ್ಲಿ ಬಂದ ರಾಷ್ಟ್ರೀಯ ಸಲಹಾ ಮಂಡಳಿಗೂ, 2017ರ ಸೆಪ್ಟೆಂಬರಿನಲ್ಲಿ ಬಿಬೇಕ್ ದೇಬ್ರಾಯ್ ಅಧ್ಯಕ್ಷತೆಯಲ್ಲಿ ಪುನಾರಚನೆಯಾದ ಪ್ರಧಾನ ಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಗೂ ಆಗ ವಿರೋಧದಲ್ಲಿದ್ದವರ ಒಪ್ಪಿಗೆ ಬೇಕಿರಲಿಲ್ಲ.

ವೇಗದಲ್ಲಿ ಇದನ್ನು ಮೀರಿಸುವ ದಾರಿಯಿಲ್ಲ, ಖರ್ಚೂ ಕಡಿಮೆ. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ ಆಡಳಿತಾತ್ಮಕ ವ್ಯವಸ್ಥೆಯನ್ನು ಯೋಜನಾ ಆಯೋಗದ ಜಾಗಕ್ಕೆ ಬಂದ ನೀತಿ ಆಯೋಗವೇ ನೋಡಿಕೊಳ್ಳುತ್ತದೆ. ಪ್ರಧಾನಿಗೆ ನಂಬಿಕೆಯುಳ್ಳವರೇ ಇರುವುದರಿಂದ ಮಾತೂ ಮುಕ್ತವಾಗಿರಬಹುದು, ಕನಿಷ್ಠ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಆದರೆ ಬಾಳಿಕೆಯ ವಿಷಯಕ್ಕೆ ಬಂದರೆ ಕಥೆ ಬೇರೆ. 2014ರಲ್ಲಿ ಸರ್ಕಾರ ಬದಲಾದಾಗ ರಾಷ್ಟ್ರೀಯ ಸಲಹಾ ಮಂಡಳಿ ಮುಗಿಯಿತು, ಆರ್ಥಿಕ ಸಲಹಾ ಮಂಡಳಿಯ ಅಧ್ಯಕ್ಷ ಸಿ. ರಂಗರಾಜನ್ ಹುದ್ದೆ ಬಿಟ್ಟರು, ಮುಂದಿನ ಮಂಡಳಿ ಬರಲು ಮೂರು ವರ್ಷ ಹಿಡಿಯಿತು. ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕುಳಿತರೇನು ಎಂಬ ಮಾತಿನ ಧೈರ್ಯ ಇಲ್ಲಿ ನಡೆಯುವುದು ಬಡಿಸುವವನು ಬದಲಾಗುವ ತನಕ ಮಾತ್ರ.

ಈ ದಾರಿಯನ್ನು ಸಾರಾಸಗಟಾಗಿ ತಳ್ಳಿಹಾಕಲು ನಾನು ತಯಾರಿಲ್ಲ, ಅದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಾರಣವಿದೆ. ಎಸ್.ಎಂ. ಕೃಷ್ಣ ಸರ್ಕಾರ 2000ದಲ್ಲಿ ನೇಮಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯೂ ಸರ್ಕಾರಿ ಆದೇಶದ ಕೂಸೇ. ಅದು 2002ರಲ್ಲಿ ಕೊಟ್ಟ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ವರದಿಯನ್ನು ಆಧರಿಸಿ ವಿಶೇಷ ಅಭಿವೃದ್ಧಿ ಯೋಜನೆಗೆ ಹಣ ಇಟ್ಟದ್ದು 2007-08ರಲ್ಲಿ, ಬೇರೆ ಪಕ್ಷಗಳ ಸರ್ಕಾರ. ಇಂದಿಗೂ ಯಾವ ಪಕ್ಷದ ಶಾಸಕರೇ ಆಗಲಿ ಅನುದಾನ ಕೇಳಲು ಎದ್ದು ನಿಂತರೆ ಅದೇ ವರದಿಯನ್ನು ಉಲ್ಲೇಖಿಸುತ್ತಾರೆ. ಹೆಸರುಗಳ ಬಗ್ಗೆ ವಿರೋಧ ಪಕ್ಷವನ್ನು ಕೇಳದಿದ್ದರೂ, 35 ಸೂಚಕಗಳ ಲೆಕ್ಕವನ್ನು ಎಲ್ಲರ ಮುಂದೆ ಹರಡಿ ಇಟ್ಟದ್ದರಿಂದ ಅದು ಉಳಿಯಿತು. ಸಲಹೆ ಪ್ರಕಟವಾಗುವುದಾದರೆ ಆದೇಶದ ಮಂಡಳಿಗೂ ಒಂದು ಮಟ್ಟದ ಬಾಳಿಕೆ ಬರುತ್ತದೆ, ಪ್ರಕಟವಾಗದಿದ್ದರೆ ಏನೂ ಉಳಿಯುವುದಿಲ್ಲ.

ಎರಡನೆಯ ದಾರಿ: ಸಭೆ ಕರೆದು ಕೇಳುವುದು, ತೀರ್ಮಾನ ತಾವೇ ಮಾಡುವುದು

2014ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಯೋಜನಾ ಆಯೋಗಕ್ಕೆ ಬದಲಿ ಸಂಸ್ಥೆ ತರುವುದಾಗಿ ಪ್ರಧಾನಿ ಹೇಳಿದರು. ಡಿಸೆಂಬರ್ 7ರಂದು ಮುಖ್ಯಮಂತ್ರಿಗಳ ಸಭೆ ಕರೆದರು, 2015ರ ಜನವರಿ 1ರಂದು ಸಂಪುಟ ನಿರ್ಣಯದ ಮೂಲಕ ನೀತಿ ಆಯೋಗ ಬಂತು. ವಿರೋಧ ಪಕ್ಷಗಳ ಆಡಳಿತವಿದ್ದ ರಾಜ್ಯಗಳ ಮುಖ್ಯಮಂತ್ರಿಗಳನ್ನೂ ಆ ಸಭೆಗೆ ಕರೆದಿದ್ದರು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಹೋಗಲಿಲ್ಲ. ಸಭೆಗೂ ನಿರ್ಣಯಕ್ಕೂ ನಡುವೆ ಒಂದು ತಿಂಗಳೂ ಇರಲಿಲ್ಲ. ಕೇಳಿದ್ದರಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಬಿಡಲಾಯಿತು ಎಂದು ವಿವರಿಸಬೇಕಾದ ಬಾಧ್ಯತೆಯೂ ಯಾರ ಮೇಲೂ ಇರಲಿಲ್ಲ.

ಒಮ್ಮತ ಇದ್ದಾಗ ಅದನ್ನು ತೋರಿಸಲು ಈ ದಾರಿ ಒಳ್ಳೆಯದು, ಒಮ್ಮತ ಇಲ್ಲದಾಗ ಅದನ್ನು ಹುಟ್ಟಿಸುವ ಶಕ್ತಿ ಇದಕ್ಕಿಲ್ಲ. ನೀತಿ ಆಯೋಗದ ಆಡಳಿತ ಮಂಡಳಿಯಲ್ಲಿ ಎಲ್ಲ ಮುಖ್ಯಮಂತ್ರಿಗಳಿಗೂ ಸ್ಥಾನವಿದೆ, ಆದರೂ 2024ರ ಜುಲೈ 27ರ ಸಭೆಗೆ ಕರ್ನಾಟಕವೂ ಸೇರಿದಂತೆ ಹಲವು ವಿರೋಧ ಪಕ್ಷದ ರಾಜ್ಯಗಳ ಮುಖ್ಯಮಂತ್ರಿಗಳು ಹೋಗಲಿಲ್ಲ. ಕುರ್ಚಿ ಇದ್ದೂ ಖಾಲಿ ಬಿಡುವಷ್ಟು ಅದರ ಬೆಲೆ ಕಡಿಮೆಯಾಗಿದೆ ಎಂದಾದರೆ, ತಪ್ಪು ಯಾರದೆಂಬ ವಾದ ಬೇರೆ, ವಿನ್ಯಾಸದಲ್ಲಿ ಕೊರತೆ ಇದೆ ಎಂಬುದಂತೂ ನಿಜ. ಸಂವಿಧಾನದ 263ನೇ ವಿಧಿಯಡಿ ಕೇಂದ್ರ ಮತ್ತು ರಾಜ್ಯಗಳ ಸಮಾಲೋಚನೆಗೆಂದು 1990ರಲ್ಲಿ ಬಂದ ಅಂತರರಾಜ್ಯ ಮಂಡಳಿಯ ಹನ್ನೊಂದನೇ ಸಭೆ ನಡೆದದ್ದು 2016ರ ಜುಲೈನಲ್ಲಿ. ಸಭೆ ಕರೆಯುವುದು ಕರೆಯುವವರ ಮರ್ಜಿಗೆ ಬಿಟ್ಟಾಗ ಹೀಗಾಗುತ್ತದೆ.

ಮೂರನೆಯ ದಾರಿ: ಕಾಯ್ದೆ ಮಾಡಿ, ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷಕ್ಕೆ ಸ್ಥಾನ ಕೊಡುವುದು

ಇಲ್ಲಿ ಕೊಂಚ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ದಾರಿಯ ಲಾಭನಷ್ಟಗಳನ್ನು ಹತ್ತಿರದಿಂದ ಅನುಭವಿಸಿದವರು ಆಗ ಗುಲಬರ್ಗಾ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದ ಮಲ್ಲಿಕಾರ್ಜುನ ಖರ್ಗೆ.

ಆರ್ಥಿಕ ಸಲಹೆಯ ಕ್ಷೇತ್ರದಲ್ಲಿ ಭಾರತದಲ್ಲಿ ಈ ಮಾದರಿ ಇಲ್ಲ. ಇರುವುದು ಅಧಿಕಾರದಲ್ಲಿರುವವರ ಮೇಲೆ ಕಣ್ಣಿಡುವ ಕಾವಲು ಸಂಸ್ಥೆಗಳಲ್ಲಿ. ಕೇಂದ್ರ ಜಾಗೃತ ಆಯೋಗದ 2003ರ ಕಾಯ್ದೆ, ಮಾಹಿತಿ ಹಕ್ಕಿನ 2005ರ ಕಾಯ್ದೆ, 2013ರ ಲೋಕಪಾಲ ಕಾಯ್ದೆ ಇವೆಲ್ಲವುಗಳ ಆಯ್ಕೆ ಸಮಿತಿಗಳಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕರಿಗೆ ಸ್ಥಾನವಿದೆ. 2014ರಲ್ಲಿ ಕಾಂಗ್ರೆಸ್ ಗೆದ್ದದ್ದು 44 ಸ್ಥಾನ, ಸದನದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ಖರ್ಗೆಯವರು ಸದನದಲ್ಲಿ ಕಾಂಗ್ರೆಸ್ಸಿನ ನಾಯಕರಾಗಿದ್ದರೂ ಅಧಿಕೃತ ವಿರೋಧ ಪಕ್ಷದ ನಾಯಕರೆಂಬ ಮಾನ್ಯತೆ ಸಿಗಲಿಲ್ಲ. ಇಲ್ಲಿಂದ ಎರಡು ಕಾಯ್ದೆಗಳ ಹಾದಿ ಬೇರೆಯಾಯಿತು. ಸಿಬಿಐ ನಿರ್ದೇಶಕರ ಆಯ್ಕೆಗೆ ಸಂಬಂಧಿಸಿದ ಕಾಯ್ದೆಯನ್ನು ಅದೇ ವರ್ಷ ತಿದ್ದಿ, ಮಾನ್ಯತೆ ಪಡೆದ ನಾಯಕರಿಲ್ಲದಿದ್ದರೆ ಅತಿದೊಡ್ಡ ವಿರೋಧ ಪಕ್ಷದ ನಾಯಕರು ಸಮಿತಿಯಲ್ಲಿರಬಹುದು ಎಂದು ಸೇರಿಸಲಾಯಿತು. ಲೋಕಪಾಲ ಕಾಯ್ದೆಗೆ ಅಂಥ ತಿದ್ದುಪಡಿ ಆಗಲಿಲ್ಲ.

ಪರಿಣಾಮ ಕಣ್ಣೆದುರಿಗಿದೆ. ಸಿಬಿಐ ಸಮಿತಿಯಲ್ಲಿ ಖರ್ಗೆಯವರು ಪೂರ್ಣ ಸದಸ್ಯರಾಗಿ ಕುಳಿತರು. 2017ರ ಜನವರಿಯಲ್ಲಿ ಅಲೋಕ್ ವರ್ಮಾ ಅವರ ನೇಮಕಕ್ಕೂ, 2019ರ ಜನವರಿಯಲ್ಲಿ ಅದೇ ವರ್ಮಾ ಅವರನ್ನು ತೆಗೆಯುವುದಕ್ಕೂ ಅವರು ಭಿನ್ನಮತ ದಾಖಲಿಸಿದರು. ಎರಡೂ ಸಲ ಬಹುಮತದ ತೀರ್ಮಾನವೇ ನಡೆಯಿತು, ಆದರೆ ಅವರ ಆಕ್ಷೇಪ ಕಾಗದದ ಮೇಲೆ ಉಳಿಯಿತು. ಲೋಕಪಾಲದ ವಿಷಯದಲ್ಲಾದರೋ 2018ರಲ್ಲಿ ಅವರನ್ನು ‘ವಿಶೇಷ ಆಹ್ವಾನಿತ’ರೆಂದು ಕರೆಯಲಾಯಿತು. ಮತವಿಲ್ಲದೆ, ಅಭಿಪ್ರಾಯ ದಾಖಲಿಸುವ ಹಕ್ಕಿಲ್ಲದೆ ಕೂರಲು ಒಪ್ಪದೆ ಅವರು ಸಭೆಗಳಿಗೆ ಹೋಗಲಿಲ್ಲ. 2014ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಡಿ ಮೊದಲ ಲೋಕಪಾಲರು ನೇಮಕವಾದದ್ದು 2019ರ ಮಾರ್ಚಿನಲ್ಲಿ. ವಿರೋಧ ಪಕ್ಷದ ನಾಯಕರಿಲ್ಲದೆಯೂ ನೇಮಕ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲೇ ಹೇಳಿತ್ತು. ಆದ್ದರಿಂದ ವಿಳಂಬದ ಹೊಣೆಯನ್ನು ಗೈರುಹಾಜರಾದವರ ಮೇಲೆ ಪೂರ್ತಿಯಾಗಿ ಹೊರಿಸಲು ಬರುವುದಿಲ್ಲ. ಅವರು ಹೋಗಿದ್ದರೆ ಸಮಿತಿಗೆ ಇನ್ನಷ್ಟು ಮನ್ನಣೆ ಸಿಗುತ್ತಿತ್ತಲ್ಲವೇ ಎಂದು ಕೇಳುವವರ ಮಾತಿನಲ್ಲಿಯೂ ಹುರುಳಿದೆ. ಆದರೆ ಆಹ್ವಾನಿತನ ಕುರ್ಚಿಯಲ್ಲಿ ಕೂತವನಿಗೆ ಹೊಣೆ ಬರುತ್ತದೆ, ಅಧಿಕಾರ ಬರುವುದಿಲ್ಲ. ಅವರ ಜಾಗದಲ್ಲಿ ಯಾವ ಪಕ್ಷದವರಿದ್ದರೂ ನಾನು ಹೋಗಿರೆಂದು ಹೇಳುತ್ತಿರಲಿಲ್ಲ.

ಒಂದೇ ಧ್ವನಿಯ ಭಿನ್ನಮತದಿಂದ ಏನಾದೀತು ಎನ್ನುವವರು 2010ನ್ನು ನೆನಪಿಸಿಕೊಳ್ಳಬೇಕು. ಕೇಂದ್ರ ಜಾಗೃತ ಆಯುಕ್ತರಾಗಿ ಪಿ.ಜೆ. ಥಾಮಸ್ ಅವರ ಹೆಸರನ್ನು ಆಗಿನ ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ವಿರೋಧಿಸಿದ್ದರು. ಸಮಿತಿ ಅವರ ಮಾತನ್ನು ಮೀರಿ ನೇಮಿಸಿತು. 2011ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಆ ನೇಮಕವನ್ನು ರದ್ದುಪಡಿಸಿತು.

ಇದನ್ನು ಆರ್ಥಿಕ ಮಂಡಳಿಗೆ ಹೊಂದಿಸಿದರೆ ಎದುರಾಗುವ ನಿಜವಾದ ತೊಡಕು ಬೇರೆಯದು. ಜಾಗೃತ ಆಯುಕ್ತರು ಪ್ರಧಾನಿಗೆ ಅಪ್ರಿಯರಾದರೂ ಕೆಲಸ ನಡೆಯುತ್ತದೆ, ನಡೆಯಲೇಬೇಕು. ಸಲಹೆಗಾರ ಹಾಗಲ್ಲ. ಪ್ರಧಾನಿಗೆ ನಂಬಿಕೆಯಿಲ್ಲದ ಸಲಹೆಗಾರನ ಕಡತ ಕಪಾಟಿನಲ್ಲಿ ಮಲಗುತ್ತದೆ, ಪ್ರಧಾನಿ ಬೇರೊಬ್ಬರನ್ನು ಖಾಸಗಿಯಾಗಿ ಕೇಳುತ್ತಾರೆ. ಜರ್ಮನಿ 1963ರ ಕಾಯ್ದೆಯಿಂದ ಐವರು ಅರ್ಥಶಾಸ್ತ್ರಜ್ಞರ ಮಂಡಳಿಯೊಂದನ್ನು ಮಾಡಿಕೊಂಡಾಗ ಇದಕ್ಕೆ ಒಂದು ಉತ್ತರ ಕಂಡುಕೊಂಡಿತು. ಸರ್ಕಾರದ ಪ್ರಸ್ತಾಪದ ಮೇಲೆ ರಾಷ್ಟ್ರಾಧ್ಯಕ್ಷರು ನೇಮಿಸುತ್ತಾರೆ, ಕಾರ್ಮಿಕ ಸಂಘಗಳಿಗೂ ಉದ್ಯಮಗಳಿಗೂ ತಲಾ ಒಬ್ಬರು ಒಪ್ಪಿಗೆಯಾಗಿರಬೇಕೆಂಬ ಪರಿಪಾಠವಿದೆ, ವರದಿ ಸಾರ್ವಜನಿಕವಾಗಿರುತ್ತದೆ, ಒಪ್ಪದ ಸದಸ್ಯ ತನ್ನ ಭಿನ್ನಮತವನ್ನು ಅದೇ ವರದಿಯಲ್ಲಿ ಬರೆಯಬಹುದು. ಅಲ್ಲಿ ಪ್ರಧಾನಿಯ ಕಿವಿಗಷ್ಟೇ ಸಲಹೆ ಹೇಳುವುದಿಲ್ಲ, ದೇಶಕ್ಕೆ ಹೇಳುತ್ತಾರೆ. ನಮ್ಮಲ್ಲೂ ಕಾಯ್ದೆಯ ಮಂಡಳಿ ಬೇಕೆಂದರೆ ಅದರ ಕೆಲಸ ಈ ಬಗೆಯದಾಗಿರಬೇಕು. ಪ್ರಧಾನಿಯ ಆಪ್ತ ಸಲಹೆಗಾರರ ಗುಂಪು ಪ್ರತ್ಯೇಕವಾಗಿ, ಆದೇಶದ ಮೇಲೇ ಇರಲಿ.

ನಾಲ್ಕನೆಯ ದಾರಿ: ವಿರೋಧ ಪಕ್ಷಗಳನ್ನೇ ಒಳಗೆ ಕೂರಿಸುವುದು

2000ದಲ್ಲಿ ವಾಜಪೇಯಿ ಸರ್ಕಾರದ ಕಾಲದಲ್ಲಿ ಮಾರಾಟ ತೆರಿಗೆ ಸುಧಾರಣೆಗೆ ರಾಜ್ಯಗಳ ಹಣಕಾಸು ಸಚಿವರ ಸಮಿತಿಯೊಂದು ರಚನೆಯಾಯಿತು. ಅದರ ನೇತೃತ್ವ ವಹಿಸಿದವರು ಪಶ್ಚಿಮ ಬಂಗಾಳದ ಎಡರಂಗ ಸರ್ಕಾರದ ಅಸೀಮ್ ದಾಸ್‌ಗುಪ್ತ. ಮುಂದೆ ಕಾಂಗ್ರೆಸ್ ನೇತೃತ್ವದ ಸರ್ಕಾರವಿದ್ದಾಗ 2011ರಲ್ಲಿ ಬಿಹಾರದ ಬಿಜೆಪಿ ಸಚಿವ ಸುಶೀಲ್ ಕುಮಾರ್ ಮೋದಿ ಅದೇ ಕುರ್ಚಿಯಲ್ಲಿ ಕುಳಿತರು. 2005ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಬರಲು ಈ ವ್ಯವಸ್ಥೆ ಬಹುಮಟ್ಟಿಗೆ ಕಾರಣ.

ಮುಂದಿನ ಹಂತವೇ ಕೇಂದ್ರದ ಮತ್ತು ಎಲ್ಲ ರಾಜ್ಯಗಳ ಸಚಿವರು ಒಟ್ಟಿಗೆ ಕೂರುವ ಜಿಎಸ್‌ಟಿ ಮಂಡಳಿ. ಸಂವಿಧಾನ ತಿದ್ದುಪಡಿ ಬೇಕಿದ್ದರಿಂದ ವಿರೋಧ ಪಕ್ಷಗಳನ್ನು ಕೇಳದೆ ಗತಿಯಿರಲಿಲ್ಲ. ರಾಜ್ಯಸಭೆಯಲ್ಲಿ ಆಡಳಿತ ಪಕ್ಷಕ್ಕೆ ಬಹುಮತವಿರಲಿಲ್ಲ, ಮಸೂದೆ ಪರಿಶೀಲನೆಗೆಂದು ಆ ಸದನದ ಸೆಲೆಕ್ಟ್ ಸಮಿತಿಗೆ ಹೋಯಿತು, ಉತ್ಪಾದಕ ರಾಜ್ಯಗಳಿಗೆಂದು ಇಟ್ಟಿದ್ದ ಶೇ 1ರ ಹೆಚ್ಚುವರಿ ತೆರಿಗೆ ಕೊನೆಗೆ ಕೈಬಿಟ್ಟುಹೋಯಿತು. 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ ವಿರೋಧದ ಒಂದೂ ಮತವಿಲ್ಲದೆ ಅಂಗೀಕಾರವಾಯಿತು. ಆದರೆ ಬೆಲೆ ನೋಡಿ: 2006ರ ಬಜೆಟ್ ಭಾಷಣದಲ್ಲಿ 2010ಕ್ಕೆ ಬರಬೇಕೆಂದು ಹೇಳಿದ ತೆರಿಗೆ ಬಂದದ್ದು 2017ರ ಜುಲೈ 1ರಂದು. ನಡುವೆ 2011ರ ಮಸೂದೆಯನ್ನು ಆಗ ವಿರೋಧದಲ್ಲಿದ್ದ ಬಿಜೆಪಿಯ ರಾಜ್ಯಗಳು ತಡೆದವು, ಆಮೇಲೆ ಪಾತ್ರಗಳು ಅದಲುಬದಲಾದವು.

ಒಳಗೆ ಕೂತವರಿಗೆ ಹೊರಗೆ ನಿಂತು ಕೂಗುವ ಅನುಕೂಲ ಹೋಗುತ್ತದೆ ಎಂಬುದನ್ನೂ ನೋಡಬೇಕು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಕಾಳುಗಳ ಮೇಲೆ ಶೇ 5ರ ತೆರಿಗೆ ಬಂದಾಗ ಕಲಬುರಗಿಯ ದಾಲ್ ಮಿಲ್‌ಗಳಿಗೂ ಬಿಸಿ ತಟ್ಟಿತು. ಸಂಸತ್ತಿನಲ್ಲಿ ವಿರೋಧ ಪಕ್ಷಗಳು ಪ್ರತಿಭಟಿಸಿದವು, ಮಂಡಳಿಯ ಸಭೆಯಲ್ಲಿ ನಿಮ್ಮ ರಾಜ್ಯಗಳೂ ಒಪ್ಪಿದ್ದವಲ್ಲ ಎಂದು ಕೇಂದ್ರ ಹಣಕಾಸು ಸಚಿವರು ಉತ್ತರಿಸಿದರು. ಯಾರು ಯಾವಾಗ ಏನು ಹೇಳಿದರು ಎಂಬುದರ ಪೂರ್ಣ ದಾಖಲೆ ಜನರ ಕೈಯಲ್ಲಿದ್ದರೆ ಈ ಜಗಳ ಐದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಮೇಲಾಗಿ ಜಿಎಸ್‌ಟಿ ಮಂಡಳಿ ತೆರಿಗೆ ದರಗಳನ್ನು ಶಿಫಾರಸು ಮಾಡುತ್ತದೆ, ಅಲ್ಲಿ ಮತವಿದೆ, ಕೇಂದ್ರಕ್ಕೆ ಮೂರನೇ ಒಂದು ಭಾಗ, ರಾಜ್ಯಗಳಿಗೆ ಮೂರನೇ ಎರಡು ಭಾಗ. ಬರಿಯ ಸಲಹಾ ಮಂಡಳಿಯಲ್ಲಿ ಮತವೆಣಿಸಿ ಅರ್ಥಶಾಸ್ತ್ರ ಹೇಳಲಾಗದು. ಪಕ್ಷಗಳ ಪ್ರತಿನಿಧಿಗಳನ್ನೇ ತುಂಬಿದರೆ ಅದು ಇನ್ನೊಂದು ಸದನವಾಗುತ್ತದೆ.

ಕೇಳಬೇಕಾದದ್ದು ಹೆಸರನ್ನಲ್ಲ, ಕಾರ್ಯವ್ಯಾಪ್ತಿಯನ್ನು

ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹೇಗೆ ಹಂಚಬೇಕೆಂದು ಶಿಫಾರಸು ಮಾಡುವ ಹದಿನೈದನೇ ಹಣಕಾಸು ಆಯೋಗದ ಕಾರ್ಯವ್ಯಾಪ್ತಿಯನ್ನು ಕೇಂದ್ರವೇ ಬರೆಯಿತು, 2011ರ ಜನಗಣತಿಯನ್ನು ಬಳಸಬೇಕೆಂದಿತು. ಜನಸಂಖ್ಯೆಯ ಏರಿಕೆಯನ್ನು ತಡೆದ ರಾಜ್ಯಗಳಿಗೆ ಇದರಿಂದ ನಷ್ಟವೆಂಬ ಆತಂಕವಿತ್ತು. 2018ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ದಕ್ಷಿಣದ ಕೆಲವು ರಾಜ್ಯಗಳು ತಿರುವನಂತಪುರದಲ್ಲಿ ಸೇರಿ ಆಕ್ಷೇಪಿಸುವ ಹೊತ್ತಿಗೆ ಆಯೋಗ ಕೆಲಸ ಶುರುಮಾಡಿ ಆಗಿತ್ತು. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಇಳಿಕೆಗೆ ಕಾರಣಗಳು ಹಲವು, ತಲಾ ಆದಾಯದ ಅಂತರವೂ ಅದರಲ್ಲಿ ದೊಡ್ಡದು. ಆದರೆ ಅಧ್ಯಕ್ಷರು ಯಾರೆಂಬುದಕ್ಕಿಂತ ಅವರಿಗೆ ಕೊಟ್ಟ ಪ್ರಶ್ನೆಪತ್ರಿಕೆ ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಎದುರಾಗಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನು ಇಟ್ಟು ನೋಡಿ. ರಾಜ್ಯದಲ್ಲಿ ಬಿಜೆಪಿ ಸರ್ಕಾರವಿದ್ದಾಗ, 2010ರ ಮಾರ್ಚಿನಲ್ಲಿ, ಅದು ಬೇಕೆಂದು ವಿಧಾನಮಂಡಲದ ಎರಡೂ ಸದನಗಳು ನಿರ್ಣಯ ಮಾಡಿದವು. 2012ರಲ್ಲಿ ಕೇಂದ್ರದಲ್ಲಿದ್ದ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ ತಂದ ಮಸೂದೆ ಬಿಜೆಪಿಯ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ಸ್ಥಾಯಿ ಸಮಿತಿಯ ಮುಂದೆ ಹೋಗಿ ಬಂತು, ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. ಅದರಡಿ ಬಂದ, ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಅಭಿವೃದ್ಧಿ ಮಂಡಳಿ ಅಂದಿನಿಂದ ಕಾಂಗ್ರೆಸ್, ಮೈತ್ರಿ, ಬಿಜೆಪಿ, ಮತ್ತೆ ಕಾಂಗ್ರೆಸ್ ಸರ್ಕಾರಗಳನ್ನು ಕಂಡಿದೆ, ಹೆಸರು ಬದಲಾಗಿದೆ, ಮಂಡಳಿ ಉಳಿದಿದೆ. ಅದು ಹಣವನ್ನು ಹೇಗೆ ಖರ್ಚು ಮಾಡುತ್ತದೆ ಎಂಬ ಬಗ್ಗೆ ನಮ್ಮಲ್ಲಿ ತಕರಾರುಗಳಿವೆ, ಅದು ಇರಬೇಕೇ ಬೇಡವೇ ಎಂಬ ತಕರಾರಿಲ್ಲ.

ಯಾರಿಗೆ ಯಾವುದು

ಮಸೂದೆ ಬರೆಯುವ ವಿದ್ಯಾರ್ಥಿಗಳು ಮೂರನೆಯ ದಾರಿಯನ್ನೇ ಹಿಡಿಯಲಿ, ಕಾರ್ಯವ್ಯಾಪ್ತಿಯನ್ನು ಸ್ಥಾಯಿ ಸಮಿತಿಗೆ ಕಳಿಸುವ ಕಲಮನ್ನು ಸೇರಿಸಲಿ. ಸರ್ಕಾರಕ್ಕೆ ಭಾರೀ ಬಹುಮತ ಇದೆಯೆಂದು ಊಹಿಸಿಕೊಂಡೇ ಬರೆಯಿರಿ, ಏಕೆಂದರೆ ಅಲ್ಪಮತದ ಅಥವಾ ಮೈತ್ರಿ ಸರ್ಕಾರ ಕಾಯ್ದೆ ಹೇಳದಿದ್ದರೂ ಹೇಗೂ ಕೇಳಲೇಬೇಕಾಗುತ್ತದೆ. ಅಧಿಕೃತ ವಿರೋಧ ಪಕ್ಷದ ನಾಯಕರಿಲ್ಲದಿದ್ದರೆ ಅತಿದೊಡ್ಡ ವಿರೋಧ ಪಕ್ಷದ ನಾಯಕರು ಎಂಬ ವಾಕ್ಯ ಮೊದಲ ಕರಡಿನಲ್ಲೇ ಇರಲಿ. ಹೆಸರು ಬಂದ ದಿನದಿಂದ ಇಂತಿಷ್ಟು ದಿನಗಳೊಳಗೆ ಸಮಿತಿ ತೀರ್ಮಾನಿಸಬೇಕು, ಸದಸ್ಯರೊಬ್ಬರ ಗೈರುಹಾಜರಿಯಿಂದ ನೇಮಕ ಅಸಿಂಧುವಾಗದು ಎಂದೂ ಬರೆಯಿರಿ, ಇಲ್ಲದಿದ್ದರೆ ವೇಗದ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಆರ್ಥಿಕ ಬಿಕ್ಕಟ್ಟಿನ ನಡುವೆ ಕೂಡಲೇ ಮಂಡಳಿ ಬೇಕೆಂಬ ಸನ್ನಿವೇಶ ನಿಮ್ಮದಾದರೆ ಆದೇಶದ ದಾರಿ ಸರಿಯೇ, ಆದರೆ ಅದಕ್ಕೆ ಅವಧಿ ಹಾಕಿ. ವಿರೋಧ ಪಕ್ಷದ ನಾಯಕನ ಪಾತ್ರ ನಿಮ್ಮ ಪಾಲಿಗೆ ಬಂದಿದ್ದರೆ, ಸಭೆಗೆ ಹೋಗುವ ಮುನ್ನ ಎರಡು ವಿಷಯ ಕೇಳಿ: ಹೆಸರುಗಳ ಪಟ್ಟಿ ಮುಂಚೆ ಸಿಗುತ್ತದೆಯೇ, ನನ್ನ ಭಿನ್ನಮತ ನಡಾವಳಿಯಲ್ಲಿ ಸೇರುತ್ತದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಹೋಗಿ, ಸೋಲು ಖಚಿತವಿದ್ದರೂ ಹೋಗಿ.

ರೈತ ಸಂಘಟನೆಗಳ ಗೆಳೆಯರ ಲೆಕ್ಕ ಮಾತ್ರ ಬೇರೆ. ನಾಲ್ಕನೆಯ ದಾರಿಯಲ್ಲಿ ರಾಜ್ಯದ ಸಚಿವರೊಬ್ಬರು ದೆಹಲಿಗೆ ಹೋಗಿ ಕೂರಬಹುದು, ಆದರೆ ಬೆಂಗಳೂರಿನ ಆದ್ಯತೆಗಳನ್ನು ಹೊತ್ತು ಹೋದವರ ಚೀಲದಲ್ಲಿ ತೊಗರಿಗೆ ಎಷ್ಟು ಜಾಗ ಉಳಿದಿರುತ್ತದೆ ಎಂಬುದನ್ನು ನಾವು ಬಲ್ಲೆವು. ಮೂರನೆಯ ದಾರಿಯಲ್ಲೂ ವಿರೋಧ ಪಕ್ಷದ ನಾಯಕರು ನಮ್ಮೂರಿನವರೇ ಆಗಿರುತ್ತಾರೆಂಬ ಖಾತರಿಯಿಲ್ಲ. ನಿಮ್ಮ ಮನವಿಯಲ್ಲಿ ವಿರೋಧ ಪಕ್ಷದ ಸ್ಥಾನಕ್ಕಿಂತ ಮೊದಲು ಎರಡು ಬೇಡಿಕೆಗಳಿರಲಿ. ಬೆಂಬಲ ಬೆಲೆ ಮತ್ತು ಆಮದು ನೀತಿಗಳ ಬಗ್ಗೆ ಮಂಡಳಿ ಒಟ್ಟಿಗೆ ಅಭಿಪ್ರಾಯ ಕೊಡಬೇಕು, ಅದನ್ನು ತೊಗರಿ ಬಿತ್ತನೆಗೆ ಮುನ್ನ, ಅಂದರೆ ಮೇ ಮುಗಿಯುವುದರೊಳಗೆ, ಕನ್ನಡದಲ್ಲೂ ಪ್ರಕಟಿಸಬೇಕು.